ಬರ್ತೀನಿ ಅನ್ನದ ಹುಡುಗಿ

ಚಿಕ್ಕಂದಿನಲ್ಲಿ ನಾನು ಚಪ್ಪಲಿ ಮೆಟ್ಟಿಕೊಂಡು "ಹೋಗ್ತೀನಮ್ಮ" ಎಂದರೆ ಸಾಕು, ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬರುತ್ತಿದ್ದಳು. "ಹೋಗ್ತೀನಿ ಅಂತಾರೇನೇ ಯಾರಾದ್ರೂ? ಬಿಡ್ತು ಅನ್ನು. ಹೋಗಿಬರ್ತೀನಿ ಅನ್ನು." ನಾನು ಒಂದು ಕಾಲು ಹೊಸ್ತಿಲಾಚೆ ಇಟ್ಟು, ಸ್ಕೂಲ್ ವ್ಯಾನಿನ ಹಾರ್ನ್ ಕೇಳಿಸಿಕೊಳ್ಳುತ್ತಾ, "ಬಿಡ್ತು, ಹೋಗಿಬರ್ತೀನಿ" ಎಂದು ಗೊಣಗಬೇಕು. "ಹೂಂ, ಬಾ" ಎಂದು ಅವಳು ಒಳಗೆ ಹೋಗಬೇಕು. ಅಷ್ಟಾದರೇನೇ ನಮ್ಮ ಮನೆಯಲ್ಲಿ ಹೊರಟ ಲೆಕ್ಕ.

ದೊಡ್ಡವಳಾದ ಮೇಲೆ ಇದೆಲ್ಲ ನನಗೆ ತಮಾಷೆಯಾಗಿ ಕಾಣತೊಡಗಿತು. ಜೆ.ಪಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೂರುವವಳು ನಾನು. ಅಲ್ಲಿಗೆ ಬಂದವರೂ ಕವರ್ ತೆಗೆದುಕೊಂಡು "ಬರ್ತೀನಿ ಮೇಡಂ" ಎನ್ನುತ್ತಾರೆ. ಯಾಕ್ರೀ ಬರ್ತೀರಿ, ಆರೋಗ್ಯವಾಗಿ ಮನೇಲಿರಿ ಎಂದು ನಾಲಿಗೆಯ ತುದಿಗೆ ಬರುತ್ತದೆ. ನನ್ನದು ಮೊದಲಿನಿಂದಲೂ ಸ್ವಲ್ಪ ಉರಿಮೂಗಿನ ಸ್ವಭಾವ. ದೆವ್ವ, ಗಾಳಿ, ಶಕುನ ಎಂದವರ ಮುಂದೆ ಅದು ಇನ್ನೂ ಜಾಸ್ತಿಯಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಹೇಳುವುದನ್ನು ನಾನೇ ಬೇರೆ ಯಾರ ಬಾಯಲ್ಲಾದರೂ ಕೇಳಿದ್ದರೆ ನಂಬುತ್ತಿರಲಿಲ್ಲ.

ಭಾನುವಾರಗಳಲ್ಲಿ ನಾನು ನಾಟಕ ಮಾಡುತ್ತೇನೆ. ನಮ್ಮದು ಹವ್ಯಾಸಿ ತಂಡ. ನಿರ್ದೇಶಕರು ಜಯನಗರದಲ್ಲಿರುವ ನಿವೃತ್ತ ಇಂಗ್ಲಿಷ್ ಲೆಕ್ಚರರ್. ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತೇವೆ. ಆ ವರ್ಷ ಅವರು ಇಂಗ್ಲಿಷಿನ ಒಂದು ಹಳೆಯ ದುರಂತ ನಾಟಕವನ್ನು ತಾವೇ ಕನ್ನಡಕ್ಕೆ ತಂದಿದ್ದರು. ನಾನೂರು ವರ್ಷಗಳಿಂದ ಪ್ರಪಂಚದಲ್ಲೆಲ್ಲ ಆಡುತ್ತಿರುವ ನಾಟಕ, ಕಾಲೇಜಿನಲ್ಲಿ ಓದಿದವರಿಗೆ ಹೆಸರು ಹೇಳಬೇಕಾಗಿಲ್ಲ. ಅದರಲ್ಲೊಬ್ಬಳು ಹುಡುಗಿ. ಪ್ರೀತಿಸಿದ ರಾಜಕುಮಾರ ಅವಳನ್ನು ಹೀಯಾಳಿಸಿ ದೂರ ತಳ್ಳುತ್ತಾನೆ, ಅವನ ಕೈಯಲ್ಲೇ ಅವಳ ಅಪ್ಪ ಸಾಯುತ್ತಾನೆ, ಹುಡುಗಿಗೆ ಬುದ್ಧಿ ಕೆಡುತ್ತದೆ, ಅರಮನೆಯಲ್ಲಿ ಎಲ್ಲರಿಗೂ ಹೂ ಹಂಚಿ, ಎಲ್ಲರಿಗೂ ಹೇಳಿ ಹೊರಟು, ನೀರಿನಲ್ಲಿ ಸಾಯುತ್ತಾಳೆ. ಬಿದ್ದಳೋ, ತಾನೇ ಇಳಿದಳೋ ನಾಟಕದೊಳಗಿನವರಿಗೇ ಗೊತ್ತಾಗುವುದಿಲ್ಲ.

ಆ ಪಾತ್ರ ಮಾಡಬೇಕಿದ್ದ ಕಾಲೇಜು ಹುಡುಗಿ ಪರೀಕ್ಷೆ ಎಂದು ಬಿಟ್ಟುಹೋದ ಮೇಲೆ ಅದು ನನ್ನ ಕೊರಳಿಗೆ ಬಿತ್ತು. ಮೂವತ್ತು ದಾಟಿದವಳಿಗೆ ಹದಿನೆಂಟರ ಪಾತ್ರ. "ಲೈಟ್ ಕಮ್ಮಿ ಮಾಡ್ಸೋಣ ಬಿಡಿ" ಎಂದರು ಮೇಷ್ಟ್ರು. ಅವರ ಸಮಾಧಾನಗಳೆಲ್ಲ ಹೀಗೇ ಇರುತ್ತವೆ.

ರಿಹರ್ಸಲ್‌ಗೆ ಸಿಕ್ಕಿದ್ದು ಹೊಸಕೆರೆಹಳ್ಳಿಯಲ್ಲಿ, ಕೆರೆಯ ಹತ್ತಿರದ ಒಂದು ಬಿಲ್ಡಿಂಗಿನ ಟೆರೇಸಿನ ಮೇಲೆ ಶೀಟ್ ಹೊದಿಸಿದ ಹಾಲ್. ಒಂದು ಕಾಲಕ್ಕೆ ಅಲ್ಲಿ ಹೊಲಿಗೆ ಮೆಷಿನ್‌ಗಳಿದ್ದವಂತೆ. ಗೋಡೆಯ ಮೂಲೆಗಳಲ್ಲಿ ಆಗಲೂ ದಾರದ ಚೂರುಗಳು ಸಿಗುತ್ತಿದ್ದವು. ಓನರ್ ಮನೆಯವರು ಹಳೆಯ ಹಳ್ಳಿಯವರು. ಬಡಾವಣೆ ಬರುವ ಮುಂಚೆ ಅಲ್ಲೇ ರಾಗಿ, ಅವರೆ ಬೆಳೆಯುತ್ತಿದ್ದರು. ಈಗ ಕೆಳಗೆ ಅಂಗಡಿಗಳು, ಮೊದಲ ಮಹಡಿಯಲ್ಲಿ ಅವರ ಮನೆ, ಮೇಲೆ ಬಾಡಿಗೆಯವರು. ಮಗ, ಸೊಸೆ, ಮತ್ತು ಮಗನ ತಾಯಿ. ಆ ತಾಯಿಯನ್ನು ನಾವು ಓನರಮ್ಮ ಎನ್ನುತ್ತಿದ್ದೆವು.

ಅವರೆಕಾಯಿ ಕಾಲ ಅದು. ನಾವು ರಿಹರ್ಸಲ್ ಶುರು ಮಾಡುತ್ತಿದ್ದಂತೆ ಓನರಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬಂದು, ಹಾಲಿನ ಬಾಗಿಲಿಗೆ ತಾಗಿದ ಕೊನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಂದೊಂದೇ ಕಾಳು ಹಿತುಕುತ್ತಾ ನಮ್ಮನ್ನು ನೋಡುತ್ತಿದ್ದರು. ಕೈ ನೋಡಿಕೊಳ್ಳುತ್ತಿರಲಿಲ್ಲ. ಕಾಳು ಬೆರಳ ಸಂದಿಯಿಂದ ಜಾರಿ ಪಾತ್ರೆಗೆ ಬೀಳುವ ಸಣ್ಣ ಸದ್ದು ನಮ್ಮ ಮಾತುಗಳ ನಡುವೆ ಕೇಳಿಸುತ್ತಲೇ ಇರುತ್ತಿತ್ತು. ಯಾರಾದರೂ ಹೊರಟು "ಬರ್ತೀನಮ್ಮ" ಎಂದರೆ ಅವರು ತಪ್ಪದೆ "ಹೂಂ, ಬಾ" ಎನ್ನುತ್ತಿದ್ದರು. ಕೊರಿಯರ್ ತಂದವರಿಗೆ, ಗ್ಯಾಸ್ ಸಿಲಿಂಡರಿನವರಿಗೆ, ಬಾಡಿಗೆಯ ಮನೆಗಳವರು ತಮ್ಮತಮ್ಮಲ್ಲಿ ಹೇಳಿಕೊಂಡದ್ದಕ್ಕೂ. ಒಮ್ಮೆ ಕೆಳಗೆ ರಸ್ತೆಯಲ್ಲಿ ಯಾರೋ ಫೋನಿನಲ್ಲಿ "ಸರಿ ಮಗಾ, ಬರ್ತೀನಿ" ಎಂದದ್ದಕ್ಕೆ ಮೂರನೇ ಮಹಡಿಯಿಂದ ಇವರು "ಹೂಂ, ಬಾ" ಎಂದರು. ನಾವು ಮುಖ ಮುಖ ನೋಡಿಕೊಂಡು ನಕ್ಕೆವು.

ಮೇಷ್ಟ್ರ ಅನುವಾದದಲ್ಲಿ ಹುಡುಗಿಯ ಕೊನೆಯ ಮಾತು ಒಂದೇ ಪದ. ಹೂವೆಲ್ಲ ಹಂಚಿ ಮುಗಿದ ಮೇಲೆ ಅವಳು ಬಾಗಿಲ ಕಡೆ ನಡೆದು, ತಿರುಗಿ, "ಹೋಗ್ತೀನಿ" ಎನ್ನಬೇಕು. ಅಷ್ಟೆ.

ಆ ಪದದ ಬಗ್ಗೆ ಅವರಿಗೆ ಮಗುವನ್ನು ಹೆತ್ತಷ್ಟು ಹೆಮ್ಮೆ. "ನೋಡಿ, ಇಂಗ್ಲಿಷ್‌ನಲ್ಲಿ ಹೋಗೋನು ಹೋಗ್ತಾನೆ, ಅಷ್ಟೆ. ನಮ್ಮಲ್ಲಿ ಹೋಗೋನೂ ಬರ್ತೀನಿ ಅಂತಾನೆ. ಸಾಯೋಕೆ ಆಸ್ಪತ್ರೆಗೆ ಹೊರಟೋನೂ ಹಾಗೇ ಅಂತಾನೆ. ಅಂಥ ಭಾಷೇಲಿ ಒಂದು ಹುಡುಗಿ ಬಾಗಿಲಲ್ಲಿ ನಿಂತು ಹೋಗ್ತೀನಿ ಅಂದ್ರೆ? ಆಡಿಯೆನ್ಸ್ ಬೆನ್ನು ತಣ್ಣಗಾಗ್ಬೇಕು."

ಅವರು ಹೇಳಿದ್ದು ಸರಿಯೇ. ಆದರೆ ನನ್ನ ನಾಲಿಗೆ ಅಮ್ಮನ ಸೌಟಿನ ಕೆಳಗೆ ಬೆಳೆದದ್ದು. ಕೂದಲು ಕೆದರಿಕೊಂಡು, ಕಣ್ಣು ಎಲ್ಲೋ ನೆಟ್ಟು, ಚೆನ್ನಾಗಿಯೇ ಹುಚ್ಚಿಯಾಗಿ ಬಾಗಿಲ ತನಕ ಹೋಗುತ್ತಿದ್ದೆ. ತಿರುಗಿ ನಿಂತ ತಕ್ಷಣ ಬಾಯಿ ತಾನಾಗಿ "ಬರ್ತೀನಿ" ಎಂದುಬಿಡುತ್ತಿತ್ತು. ಮೊದಲ ದಿನ ಹಾಗೆ ಆದಾಗ ಮೆಟ್ಟಿಲ ಮೇಲಿಂದ ಮೆತ್ತಗೆ ಉತ್ತರ ಬಂತು. "ಹೂಂ, ಬಾ."

ಇಡೀ ತಂಡ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಓನರಮ್ಮ ಮಾತ್ರ ನಗಲಿಲ್ಲ. ಅವರು ಕಾಳು ಹಿತುಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಮುಂದಿನ ವಾರ ಹೂ ಹಂಚುವ ದೃಶ್ಯ. ನಾಟಕದ ದಿನಕ್ಕೆ ಕಾಕಡ, ಕನಕಾಂಬರ, ತುಳಸಿ ಎಲ್ಲ ತರುವುದೆಂದಿತ್ತು, ರಿಹರ್ಸಲ್‌ನಲ್ಲಿ ಬರಿಗೈ. ರಾಜನಿಗೊಂದು, ರಾಣಿಗೊಂದು, ಅಣ್ಣನಿಗೊಂದು ಇಲ್ಲದ ಹೂ ಕೊಟ್ಟು, ಕೊನೆಯದನ್ನು ಅಲ್ಲಿಲ್ಲದ ಯಾರಿಗೋ ಎಂಬಂತೆ ಗಾಳಿಯಲ್ಲಿ ಚಾಚಬೇಕು. ನಾನು ಕೈ ಚಾಚಿದ್ದು ಮೆಟ್ಟಿಲ ಕಡೆಗೆ. ಓನರಮ್ಮ ಪಾತ್ರೆ ಪಕ್ಕಕ್ಕಿಟ್ಟು, ಒದ್ದೆ ಕೈಯನ್ನು ಒರೆಸಿಕೊಂಡು, ಸೆರಗೊಡ್ಡಿ ತೆಗೆದುಕೊಂಡರು. ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಗಂಟಿನಲ್ಲಿ ಏನೂ ಇರಲಿಲ್ಲ. ಆದರೂ ಗಂಟು ಉಬ್ಬಿಕೊಂಡಂತೆ ಕಂಡಿತು. ನನಗೆ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಟೀ ಕುಡಿಯುವಾಗ ಅವರು ಮೇಷ್ಟ್ರನ್ನು ಕೇಳಿದರು. "ಸಾಮಿ, ಈ ಉಡುಗಿಗೆ ಅವ್ವ ಎಲ್ಲವ್ಳೆ?"

"ಅವಳಿಗೆ ತಾಯಿ ಇಲ್ಲಮ್ಮ. ಬರೆದೋರು ತಾಯಿ ಪಾತ್ರಾನೇ ಬರೆದಿಲ್ಲ."

"ಅದ್ಕೇಯ" ಎಂದರು ಓನರಮ್ಮ. ಸಿಪ್ಪೆಯನ್ನೆಲ್ಲ ಬಾಚಿಕೊಂಡು ಇಳಿದುಹೋದರು.

ಅದರ ಮುಂದಿನ ಭಾನುವಾರ ಅವರ ಮನೆಯವರೆಲ್ಲ ಗೊಟ್ಟಿಗೆರೆಗೆ ಮದುವೆಗೆ ಹೋಗಿದ್ದರು. ಕೀ ಮೇಷ್ಟ್ರ ಹತ್ತಿರವಿತ್ತು. ನಾವೇ ಗ್ರಿಲ್ ಗೇಟ್ ತೆಗೆದು, ಒಳಗೆ ಬಂದು, ಮತ್ತೆ ಬೀಗ ಹಾಕಿಕೊಂಡು ಮೇಲೆ ಹತ್ತಿದೆವು. ಮಧ್ಯಾಹ್ನದ ಬಿಸಿಲು ಶೀಟಿನ ಮೇಲೆ ಬಿದ್ದು ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು. ಹುಡುಗಿಯ ಕೊನೆಯ ದೃಶ್ಯ. ನಾನು ಬಾಗಿಲ ತನಕ ಹೋದೆ, ತಿರುಗಿದೆ, ಎಂದಿನಂತೆ ಎಡವಿದೆ. "ಬರ್ತೀನಿ."

"ಹೂಂ, ಬಾ."

ನನ್ನ ಅಣ್ಣನ ಪಾತ್ರ ಮಾಡುತ್ತಿದ್ದವರು, ಬನಶಂಕರಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವ ಧಡೂತಿ ಮನುಷ್ಯ, "ಓನರಮ್ಮ ಬಂದ್ರಾ?" ಎಂದು ಕತ್ತು ಚಾಚಿದರು. ಅಂದರೆ ಕೇಳಿಸಿದ್ದು ನನಗೊಬ್ಬಳಿಗೇ ಅಲ್ಲ. ನಾನು ಬಾಗಿಲಿಗೆ ಎಲ್ಲರಿಗಿಂತ ಹತ್ತಿರವಿದ್ದೆ. ಮೆಟ್ಟಿಲು ಖಾಲಿಯಿತ್ತು. ಕೆಳಗಿನ ತಿರುವಿನವರೆಗೂ ಬಿಸಿಲು ಬಿದ್ದಿತ್ತು. ಇಳಿದು ನೋಡಿದೆ, ಮೊದಲ ಮಹಡಿಯ ಬಾಗಿಲು ಮುಚ್ಚಿತ್ತು, ಗ್ರಿಲ್ ಬೀಗ ಹಾಕಿದಂತೆಯೇ ಇತ್ತು. ಬಾಡಿಗೆಯವರ ಟಿ.ವಿ. ಇರಬೇಕು ಎಂದರು ಮೇಷ್ಟ್ರು. ಅಣ್ಣನ ಪಾತ್ರದವರೂ ಹೌದೌದು ಎಂದು ಮೀಸೆ ಉಜ್ಜಿಕೊಂಡರು. ನಾನೂ ಒಪ್ಪಿದೆ, ಟಿ.ವಿ.ಯೇ ಸರಿ. ಆದರೆ ಆ ದನಿ ಓನರಮ್ಮನ ದನಿಗಿಂತ ತೆಳ್ಳಗಿತ್ತು, ಎಳೆಯದಿತ್ತು. ಇದನ್ನು ಯಾರಿಗೂ ಹೇಳಲಿಲ್ಲ.

ವಾರದ ಕೊನೆಗೆ ನಾನು ಬೇಗ ಹೋದೆ. ಹಾಲಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಓನರಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಕೇಳಿಯೇಬಿಡೋಣವೆಂದು ಪಕ್ಕದಲ್ಲಿ ಕೂತು, ಒಂದು ಹಿಡಿ ಕಾಳು ನಾನೂ ತೆಗೆದುಕೊಂಡೆ.

"ಆಂಟಿ, ಯಾರು ಬರ್ತೀನಿ ಅಂದ್ರೂ ನೀವು ಉತ್ತರ ಕೊಡ್ತೀರಲ್ಲ, ಯಾಕೆ?"

ಅವರು ಪಾತ್ರೆಯನ್ನು ನಮ್ಮಿಬ್ಬರ ನಡುವೆ ಸರಿಸಿದರು. ಆಮೇಲೆ ಹೇಳಿದರು. ಅವರಿಗೊಬ್ಬಳು ಮಗಳಿದ್ದಳು, ಮಗನಿಗಿಂತ ದೊಡ್ಡವಳು. ಕಾಲೇಜಿಗೆ ಹೋಗುತ್ತಿದ್ದಳು. ಒಂದು ಭಾನುವಾರ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದ್ದರಂತೆ. ತಲೆ ಒರೆಸುತ್ತಾ ಕೂತಿದ್ದಾಗ ಯಾವುದೋ ಮಾತಿಗೆ ಮಾತು ಬೆಳೆಯಿತು. ಗೆಳತಿಯ ಮನೆಗೆ ಹೋಗುವ ವಿಷಯವಂತೆ, ದೊಡ್ಡದೇನಲ್ಲ. ಹುಡುಗಿ ಟವೆಲ್ ಕಿತ್ತು ಬಿಸಾಕಿ, ಒದ್ದೆ ಕೂದಲಲ್ಲೇ ಎದ್ದು ಬಾಗಿಲಿಗೆ ಹೋಗಿ ನಿಂತಳು.

"ಹೋಗ್ತೀನಿ ಅಂದ್ಲು. ಹೋಗ್ತೀನಿ, ಅಷ್ಟೇಯ. ನಂಗೂ ಸಿಟ್ಟು ಬಂದಿತ್ತು ಕಣವ್ವ. ಬಿಡ್ತು ಅನ್ನು ಅನ್ನಬೇಕಾಗಿತ್ತು. ಬಾಯೇ ಬಿಡ್ಲಿಲ್ಲ ನಾನು. ಸಾಯಂಕಾಲಕ್ಕೆ ಕೆರೆ ಏರಿ ಮೇಲೆ ಚಪ್ಲಿ ಸಿಕ್ತು."

"ಜಾರಿ ಬಿದ್ರೇನೋ ಆಂಟಿ."

"ಹಂಗೂ ಅಂದ್ರು, ಹಿಂಗೂ ಅಂದ್ರು. ನೀರು ಕರ್ಕೊಂಡೋಗ್ಲಿಲ್ಲ ಕಣೆ ಅವ್ಳನ್ನ. ಆ ಮಾತು ಕರ್ಕೊಂಡೋಯ್ತು." ಒಂದು ಕಾಳು ಹಿತುಕಿದರು. "ನೀನು ಇಲ್ಲಿ ಆ ಮಾತು ಆಡ್ಬೇಡ. ಆ ಸಾಮಿ ಎಷ್ಟು ಬೈದ್ರೂ ಆಡ್ಬೇಡ. ಆ ಉಡುಗಿನೂ ಬರ್ತೀನಿ ಅಂದೇ ಹೋಗ್ಲಿ."

ಅವರ ದನಿಯಲ್ಲಿ ಅಳುವಿರಲಿಲ್ಲ. ಗ್ಯಾಸ್ ಆಫ್ ಮಾಡು ಎಂದು ಹೇಳುವಂತೆ ಹೇಳಿದರು. ಅದಕ್ಕೇ ನನಗೆ ತುಂಬಾ ಸಂಕಟವಾಯಿತು. ಅಷ್ಟು ದಿನ ನಾನು ಕೂದಲು ಕೆದರಿಕೊಂಡು, ಕಣ್ಣು ತಿರುಗಿಸಿಕೊಂಡು ಮಾಡುತ್ತಿದ್ದ ಹುಚ್ಚಿನ ಬಗ್ಗೆ ನಾಚಿಕೆಯೂ ಆಯಿತು. ಅಲ್ಲಿ ಇದ್ದದ್ದು ತಲೆ ಒರೆಸಿಕೊಳ್ಳುತ್ತಿದ್ದ ಒಂದು ಮಾಮೂಲಿ ಹುಡುಗಿ, ಮಾಮೂಲಿ ಸಿಟ್ಟು, ತಿದ್ದುವವರಿಲ್ಲದ ಒಂದು ಮಾತು. ನಾಟಕದ ಅರಮನೆಯಲ್ಲೂ ಅಷ್ಟೇ ತಾನೆ. ರಾಜ ಅವಳ ಮಾತಿಗೆ ಅರ್ಥ ಹುಡುಕುತ್ತಾನೆ, ರಾಣಿ ಕಣ್ಣೊರೆಸಿಕೊಳ್ಳುತ್ತಾಳೆ, ಅಣ್ಣ ಸೇಡು ತೀರಿಸುತ್ತೇನೆಂದು ಕೂಗಾಡುತ್ತಾನೆ. ಬಿಡ್ತು ಅನ್ನು ಎಂದು ಒಬ್ಬರೂ ಗದರುವುದಿಲ್ಲ.

ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಆ ತಾಯಿಯ ಬಗ್ಗೆ ಅವರಿಗೆ ನಿಜಕ್ಕೂ ಬೇಜಾರಾಯಿತು. ಆದರೂ ಆ ಪದ ಬಿಡಲು ಮನಸ್ಸಿಲ್ಲ. "ಇಲ್ಲಿ ಬೇಡ. ಅವರ ಮನೇಲಿ ಬರ್ತೀನಿ ಅಂತಲೇ ಮಾಡಿ. ಶೋ ದಿನ ಮಾತ್ರ ನಂಗೆ ಹೋಗ್ತೀನಿ ಕೊಡಿ. ಅಲ್ಲಿ ಅವರು ಇರಲ್ವಲ್ಲ." ಆ ಏರ್ಪಾಡಿಗೆ ನಾನೂ ತಲೆಯಾಡಿಸಿದೆ. ಉಳಿದ ರಿಹರ್ಸಲ್‌ಗಳಲ್ಲೆಲ್ಲ ನಾನು "ಬರ್ತೀನಿ" ಎಂದೆ, ಮೆಟ್ಟಿಲ ಮೇಲಿಂದ "ಹೂಂ, ಬಾ" ಬಂತು. ಕೆಲವು ಸಲ ಅದು ಎರಡು ಗಂಟಲುಗಳಿಂದ ಒಟ್ಟಿಗೆ ಬಂದಂತೆ ಕೇಳುತ್ತಿತ್ತು. ಖಾಲಿ ಹಾಲ್ ಅಲ್ಲವೇ, ಮಾರ್ದನಿ ಎಂದುಕೊಂಡೆ. ಅಂದುಕೊಳ್ಳುವುದರಲ್ಲಿ ನಾನು ಆಗ ಪಳಗಿಹೋಗಿದ್ದೆ.

ಪ್ರದರ್ಶನ ಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ, ಸಂಜೆ. ಮೇಕಪ್ ಮುಗಿಸಿ ಪರದೆಯ ಸಂದಿಯಿಂದ ನೋಡಿದರೆ ಮುಂದಿನ ಸಾಲಿನಲ್ಲಿ ಮಗ, ಸೊಸೆ, ನಡುವೆ ಓನರಮ್ಮ. ಮೇಷ್ಟ್ರೇ ಮರ್ಯಾದೆಗೆಂದು ಮಗನ ಕೈಗೆ ಪಾಸ್ ಕೊಟ್ಟಿದ್ದರಂತೆ. ಅಮ್ಮನೂ ಬರುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ. ನಾನು ಮೇಷ್ಟ್ರ ತೋಳು ಹಿಡಿದು ಎಳೆದೆ. "ಈಗೇನ್ ಸಾರ್ ಮಾಡೋದು?"

ಅವರೂ ಸಂದಿಯಿಂದ ಒಮ್ಮೆ ಇಣುಕಿದರು. "ನಿಮಗೇ ಬಿಟ್ಟಿದೀನಿ" ಎಂದುಬಿಟ್ಟರು. ಇಷ್ಟು ದಿನ ಹಟ ಹಿಡಿದವರು ಆ ಗಳಿಗೆಯಲ್ಲಿ ನನ್ನ ತಲೆಗೆ ಕಟ್ಟಿದರು.

ಯಾವ ಪದ ಹೇಳುವುದು ಎಂದು ನಿರ್ಧರಿಸದೆಯೇ ನಾನು ರಂಗಕ್ಕೆ ಹೋದೆ. ಅಂದು ಕೂದಲು ಕೆದರಿಕೊಳ್ಳಲಿಲ್ಲ. ಆಗ ತಾನೇ ತಲೆಗೆ ಸ್ನಾನ ಮಾಡಿದವಳಂತೆ ಬೆನ್ನ ಮೇಲೆ ಹರಡಿಕೊಂಡಿದ್ದೆ, ಅಷ್ಟೆ. ಎಲ್ಲರಿಗೂ ಹೂ ಕೊಟ್ಟೆ. ಕೊನೆಯದನ್ನು ಯಾರಿಗೂ ಚಾಚಲು ಧೈರ್ಯವಾಗದೆ ನೆಲದ ಮೇಲಿಟ್ಟೆ. ಬಾಗಿಲಿನ ಚೌಕಟ್ಟಿಗೆ ಹೋದೆ. ತಿರುಗಿದೆ. ರಿಹರ್ಸಲ್‌ಗಳಲ್ಲಿ ಒಮ್ಮೆಯೂ ನನ್ನ ಬಾಯಿಂದ ಬಾರದ ಮಾತು ಆ ಹೊತ್ತಿಗೆ ಸಲೀಸಾಗಿ ಬಂತು. ನಾನು ಹೇಳಿದೆನೆಂದು ಈಗಲೂ ಅನ್ನಿಸುವುದಿಲ್ಲ. ಹೊರಟಿದ್ದ ಹುಡುಗಿ ಹೇಳಿದಳು.

"ಹೋಗ್ತೀನಿ."

ಮೇಷ್ಟ್ರು ಬಯಸಿದಂತೆಯೇ ಆಯಿತು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಹಿಂದಿನ ಕತ್ತಲಿಗೆ ಒಂದು ಕಾಲಿಟ್ಟೆ. ಆಗ ಮುಂದಿನ ಸಾಲಿನಿಂದ, ಮನೆಯೊಳಗಿನಿಂದ ಕೂಗಿದಂತೆ, ಕೂಗು ಬಂತು.

"ಬಿಡ್ತು ಅನ್ನು! ಏಯ್, ನಿಂತ್ಕೊ. ಬಿಡ್ತು ಅನ್ನು. ಬರ್ತೀನಿ ಅನ್ನೇ!"

ರಾಜ, ರಾಣಿ ಎಲ್ಲರೂ ಇದ್ದಲ್ಲೇ ಮರಗಟ್ಟಿದರು. ನನಗೆ ಭಯವಾಯಿತು. ನಾಟಕ ಕೆಟ್ಟಿತೆಂಬ ಭಯವಲ್ಲ. ನನ್ನ ಬೆನ್ನ ಹಿಂದಿನ ಕತ್ತಲಿನಲ್ಲಿ, ಸೈಡ್‌ವಿಂಗ್ ಇರಬೇಕಾದ ಕಡೆಯಿಂದ, ತಣ್ಣನೆಯ ಗಾಳಿ ಬರುತ್ತಿತ್ತು. ಅದರಲ್ಲಿ ಕೆರೆಯ ಪಾಚಿಯ ವಾಸನೆ ಇತ್ತು. ಅತ್ತ ತಿರುಗುವುದಕ್ಕಿಂತ ಇತ್ತ ತಿರುಗುವುದೇ ವಾಸಿ ಎನ್ನಿಸಿತು. ಬೆಳಕಿಗೆ ವಾಪಸ್ ಬಂದೆ. ಓನರಮ್ಮ ಎದ್ದು ನಿಂತಿದ್ದರು. ಸೊಸೆ ಸೆರಗು ಹಿಡಿದು ಎಳೆಯುತ್ತಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಬಿಡ್ತು" ಎಂದೆ. "ಬರ್ತೀನಮ್ಮ."

"ಹೂಂ, ಬಾ" ಎಂದು ಅವರು ಕೂತರು.

ಪರದೆ ಬಿದ್ದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾಯಿಯಿಲ್ಲದ ಹುಡುಗಿಗೆ ಪ್ರೇಕ್ಷಕರ ನಡುವಿನಿಂದ ತಾಯಿಯನ್ನು ತಂದುಕೊಟ್ಟ ಕಲ್ಪನೆ ಅದ್ಭುತ ಎಂದು ಯಾರೋ ಮೇಷ್ಟ್ರ ಕೈ ಕುಲುಕಿದರು. ಮೇಷ್ಟ್ರು ಇಲ್ಲ ಎನ್ನಲಿಲ್ಲ. ನಾನು ಮುಖ ತೊಳೆದು ಬರುವಷ್ಟರಲ್ಲಿ ಓನರಮ್ಮನನ್ನು ಮನೆಗೆ ಕರೆದುಕೊಂಡು ಹೋಗಿದ್ದರು. ನೆಲದ ಮೇಲಿಟ್ಟಿದ್ದ ಕಾಕಡ ಹೂವು ಅಲ್ಲಿರಲಿಲ್ಲ. ಕಸ ಗುಡಿಸುವವರು ಇನ್ನೂ ಬಂದಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಲ್ಯಾಬಿನಲ್ಲಿದ್ದಾಗ ಸೊಸೆಯ ಫೋನ್ ಬಂತು. "ಅಕ್ಕ, ಡಿಸ್ಟರ್ಬ್ ಮಾಡ್ದೆ ಅಂತ ಬೇಜಾರಾಗ್ಬೇಡಿ. ನಮ್ಮತ್ತೆ ನಿಮ್ ಹತ್ರ ಮಾತಾಡ್ಲೇಬೇಕು ಅಂತವ್ರೆ. ನಾಟ್ಕ ನೋಡಿ ಬಂದ್ಮೇಲೆ ನಿದ್ದೇನೇ ಮಾಡಿಲ್ಲ. ಮೊದ್ಲಿಂದ್ಲೂ ಬಾಗಿಲಿಗೆ ಚಿಲಕ ಹಾಕೋಕೆ ಬಿಡಲ್ಲ ಅವ್ರು, ಬರೀ ಮುಂದಕ್ಕೆ ತಳ್ಳಿಡ್ಬೇಕು. ಈಗ ಬಾಗಿಲ ಹತ್ರಾನೇ ಕೂತ್ಕೊಂಡಿರ್ತಾರೆ." ಫೋನ್ ಕೈ ಬದಲಾಯಿತು. ಉಸಿರು ಕೇಳಿಸಿತು.

"ಬರ್ತೀನಿ ಅಂದಿದ್ಯಲ್ಲ" ಎಂದರು ಓನರಮ್ಮ.

ಅಷ್ಟೇ ಮಾತು. ಕೌಂಟರಿನ ಮುಂದೆ ಜನ ಕ್ಯೂ ನಿಂತಿದ್ದರು. ದಿನಕ್ಕೆ ನೂರು ಸಲ ಕೇಳುವ, ಹೇಳುವ ಮಾತು. ಯಾರೂ ಅದನ್ನು ಹಿಡಿದುಕೊಂಡು ಕಾಯುವುದಿಲ್ಲ. ಭಾನುವಾರ ಬರುತ್ತೇನೆಂದೆ.

ಹೋದಾಗ ಮಧ್ಯಾಹ್ನ. ಸೊಸೆ ಬಾಗಿಲಲ್ಲೇ ಸಿಕ್ಕಿ, ಗಂಡನ ಜೊತೆ ಸ್ವಲ್ಪ ಹೊತ್ತು ಹೊರಗೆ ಹೋಗಿಬರುತ್ತೇನೆ, ನೀವಿದ್ದೀರಲ್ಲ ಎಂದಳು. ಪಾಪ, ಎಷ್ಟು ದಿನಗಳಿಂದ ಕಟ್ಟಿಹಾಕಿದಂತಾಗಿತ್ತೋ. ಓನರಮ್ಮ ಒಳಗೆ ಚಾಪೆ ಹಾಸಿಕೊಂಡು ಕೂತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ, ಅಳಲಿಲ್ಲ. ಹತ್ತಿರ ಕರೆದು ಕೂರಿಸಿಕೊಂಡು ತಲೆ ಮುಟ್ಟಿದರು.

"ಇನ್ನೂ ಒದ್ದೆ ಐತಲ್ಲೇ. ಶೀತ ಆಗುತ್ತೆ."

ಅಂದು ನಾನು ತಲೆಗೆ ನೀರು ಹಾಕಿಕೊಂಡಿರಲಿಲ್ಲ. ಜಡೆ ಬಿಗಿಯಾಗಿ ಹೆಣೆದಿತ್ತು, ಬಿಸಿಲಲ್ಲಿ ಬಸ್ಸು ಇಳಿದು ನಡೆದು ಬಂದಿದ್ದೆ. ಅವರು ಗೂಟಕ್ಕೆ ನೇತುಹಾಕಿದ್ದ ಟವೆಲ್ ತಂದು, ಜಡೆ ಬಿಚ್ಚಿ, ಬುಡದಿಂದ ತುದಿಯವರೆಗೆ ಒರೆಸತೊಡಗಿದರು. ಟವೆಲ್ ಮೊದಲು ಕಿವಿಗೆ ತಾಗಿದಾಗ ಬಿಸಿಲಲ್ಲಿ ಒಣಗಿದ ಬಟ್ಟೆಯ ಹಾಗೆ ಗರಿಗರಿಯಾಗಿತ್ತು. ಅವರ ಕೈ ಮೆತ್ತಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಭಯಕ್ಕೂ ಬಂತು, ಇಷ್ಟು ವರ್ಷ ಆ ಕೈ ಯಾವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕೂತಿತ್ತೆಂದು ತಿಳಿದದ್ದಕ್ಕೂ ಬಂತು. ಒರೆಸಿ ಮುಗಿದ ಮೇಲೆ ಟವೆಲ್ ಅನ್ನು ನನ್ನ ಮಡಿಲಿಗೆ ಹಾಕಿ ಅವರು ಬಾಗಿಲ ಹತ್ತಿರ ಹೋದರು.

ಟವೆಲ್ ಒದ್ದೆಯಾಗಿತ್ತು. ಹಿಂಡಿದರೆ ನೀರು ಬರುವಷ್ಟು ಒದ್ದೆ.

ಬಾಗಿಲ ಚಿಲಕ ಬಿದ್ದ ಸದ್ದಾಯಿತು. ಬಹಳ ಕಾಲ ಬಳಸದ ಚಿಲಕ, ಕಿರ್ ಎಂದು ಹಟಮಾಡಿ ಬಿತ್ತು. ಓನರಮ್ಮ ವಾಪಸ್ ಬಂದು, "ಬಂದ್ಯಲ್ಲ, ಸಾಕು" ಎಂದು ಚಾಪೆಯ ಮೇಲೆ ಅಡ್ಡಾದರು. ಗೋಡೆಯ ಕಡೆ ಹೊರಳಿದವರು, ಮತ್ತೆ ನನ್ನ ಕಡೆ ಹೊರಳಿ, ಮಗುವಿನಂತೆ ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡರು. ನೋಡುತ್ತಿದ್ದಂತೆ ನಿದ್ದೆ ಹತ್ತಿತು. ಎಂಥ ನಿದ್ದೆ! ಹೊರಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ರಿವರ್ಸ್ ಬರುತ್ತಿದ್ದರೂ ರೆಪ್ಪೆ ಅಲುಗಲಿಲ್ಲ.

ನಾನು ಬಹಳ ಹೊತ್ತು ಕೂತೆ. ನನ್ನ ಮನೆಯಲ್ಲೂ ಒಬ್ಬ ತಾಯಿ ಕಾಯುತ್ತಿದ್ದಳು; ಹೊರಟಾಗ ಅವಳಿಗೂ ಅದೇ ಮಾತು ಹೇಳಿ ಬಂದಿದ್ದೆ. ಏಳಬೇಕು. ಆದರೆ ಏನು ಹೇಳಿ ಏಳುವುದು? ಬರ್ತೀನಿ ಎಂದರೆ ಇವರು ಮತ್ತೆ ಬಾಗಿಲು ತೆರೆದಿಟ್ಟು ಕಾಯುತ್ತಾರೆ. ಇನ್ನೊಂದು ಮಾತನ್ನು ಆ ಮನೆಯಲ್ಲಿ ಆಡುವಂತಿಲ್ಲ. ಏನೂ ಹೇಳದೆ ಹೋದರೆ ಅದಕ್ಕಿಂತ ಅನ್ಯಾಯ. ಚಿಲಕ ಹಿಡಿದುಕೊಂಡು ನಿಂತೇ ಇದ್ದೆ. ಕಡೆಗೆ ಹುಟ್ಟಿದಾಗಿನಿಂದ ಬಂದ ಅಭ್ಯಾಸವೇ ಗೆದ್ದಿತು.

"ಬರ್ತೀನಮ್ಮ" ಎಂದೆ, ಪಿಸುದನಿಯಲ್ಲಿ.

ಓನರಮ್ಮ ಅಲುಗಲಿಲ್ಲ. ನಾನು ಅವರ ತುಟಿಗಳನ್ನೇ ನೋಡುತ್ತಿದ್ದೆ, ಅವು ತೆರೆಯಲಿಲ್ಲ. ಉತ್ತರ ಒಳಕೋಣೆಯಿಂದ ಬಂತು. ಗೊಟ್ಟಿಗೆರೆಯ ಮದುವೆಯ ದಿನ ಮೆಟ್ಟಿಲ ಮೇಲೆ ಕೇಳಿದ್ದ ಅದೇ ತೆಳ್ಳನೆಯ, ಎಳೆಯ ದನಿ. ಅಮ್ಮನ ನಿದ್ದೆ ಕೆಡಬಾರದೆಂದು ತಗ್ಗಿಸಿ ಮಾತಾಡುವ ಮಗಳ ದನಿ.

"ಹೂಂ" ಎಂದಿತು. "ನೀನು ಹೋಗು."

ನಾನು ಚಿಲಕ ತೆಗೆದು, ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಮೆಟ್ಟಿಲಿಳಿದೆ. ಕೆಳಗಿನ ಅಂಗಡಿಯವರೆಗೂ ತಿರುಗಿ ನೋಡಲಿಲ್ಲ. ಅಲ್ಲಿ ನಿಂತು ನೋಡಿದೆ. ಮೇಲೆ, ಒಳಗಿನಿಂದ, ಯಾರೋ ಮತ್ತೆ ಚಿಲಕ ಹಾಕಿದ ಸದ್ದು ಕೇಳಿಸಿತು.

ಸೊಸೆ ಆಮೇಲೊಮ್ಮೆ ಜೆ.ಪಿ. ನಗರದ ಮೆಟ್ರೋ ಸ್ಟೇಷನ್ನಿನಲ್ಲಿ ಸಿಕ್ಕಿದ್ದಳು. ಅತ್ತೆ ಈಗ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಸಂಜೆಯಾದರೆ ತಾವೇ ಎದ್ದು ಬಾಗಿಲು ಭದ್ರ ಮಾಡುತ್ತಾರೆ, ಬೀದಿಯಲ್ಲಿ ಹೋಗುವವರಿಗೆಲ್ಲ ಉತ್ತರ ಕೊಡುವುದನ್ನೂ ಬಿಟ್ಟಿದ್ದಾರೆ ಎಂದಳು. "ಒಬ್ಬೊಬ್ರೇ ಮಾತಾಡ್ತಿರ್ತಾರೆ ಅಕ್ಕ, ಆದ್ರೆ ಖುಷಿಯಾಗವ್ರೆ" ಎಂದು ನಕ್ಕಳು. ಟ್ರೈನ್ ಬಂತು. ಅವಳು "ಬರ್ತೀನಿ ಅಕ್ಕ" ಎಂದಳು, ನಾನು "ಹೂಂ, ಬಾ" ಎಂದೆ.

ಓನರಮ್ಮ ನನಗೆ ಮತ್ತೆ ಫೋನ್ ಮಾಡಿಲ್ಲ.